ಶರಣಪ್ಪಣ್ಣನ ಕಾಲು, ಶರಣಪ್ಪಣ್ಣನ ಬ್ರೇಕು

ಎರಡು ನಿಮಿಷದಲ್ಲಿ ಬರುತ್ತದೆ ಎಂದು ಮೊಬೈಲು ಹೇಳಿ ಆಗಲೇ ಹದಿನೆಂಟು ನಿಮಿಷವಾಗಿತ್ತು. ನಾಸಿಕದ ನಮ್ಮ ಸೊಸೈಟಿಯ ಗೇಟಿನ ಮುಂದೆ ಚೀಲ ಹಿಡಿದು ನಿಂತಿದ್ದೆ. ಪರದೆಯ ಮೇಲೆ ಇರುವೆ ಗಾತ್ರದ ಕಾರೊಂದು ಇದ್ದಲ್ಲೇ ಗಿರಕಿ ಹೊಡೆಯುತ್ತಿತ್ತು. ಎರಡು ನಿಮಿಷ ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಆರಾಯಿತು, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಎರಡಕ್ಕೆ ಬಂತು. ನೀವು ಇದನ್ನೆಲ್ಲ ಸಹಿಸಿಕೊಳ್ಳುವವರಿರಬಹುದು. ನನಗಾಗುವುದಿಲ್ಲ. ಮೂವತ್ತೆಂಟು ವರ್ಷ ಓಝರ್ ಬಳಿಯ ವಿಮಾನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು, ಯಾರು ಎಷ್ಟು ನಿಮಿಷ ತಡ ಮಾಡಿದರೆಂದು ಬರೆದವನು ನಾನು. ಮಗ ಹುಟ್ಟಿದ ಸುದ್ದಿ ಬಂದಾಗಲೂ ಮೊದಲು ಗಡಿಯಾರ ನೋಡಿದೆನಂತೆ. ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಹೊರಟಿದ್ದು ಛತ್ರಪತಿ ಸಂಭಾಜಿನಗರಕ್ಕೆ. ನನ್ನ ಬಾಯಲ್ಲಿ ಮಾತ್ರ ಅದು ಇನ್ನೂ ಹಳೆಯ ಔರಂಗಾಬಾದೇ ಆಗಿ ಉಳಿದಿದೆ. ಅಲ್ಲಿ ಮಗಳ ಮನೆಯಲ್ಲಿರುವ ಶರಣಪ್ಪಣ್ಣ ಹಿಂದಿನ ದಿನ ಫೋನು ಮಾಡಿದ್ದರು. "ಗೌರಿಗೆ ಲೈಸೆನ್ಸ್ ಸಿಕ್ತು, ತಮ್ಮಾ. ಮೊದಲನೇ ಸಲಕ್ಕೇ ಪಾಸ್ ಆಗ್ಯಾಳ. ಪೇಢಾ ತಿನ್ಲಿಕ್ಕ ಬಾ." ಗೌರಿ ಅವರ ಮೊಮ್ಮಗಳು. ಎಂಬತ್ತೈದು ದಾಟಿದ ಮನುಷ್ಯ ಮೊಮ್ಮಗಳ ಡ್ರೈವಿಂಗ್ ಲೈಸೆನ್ಸಿಗೆ ಪೇಢೆ ಹಂಚುತ್ತಾರೆಂದರೆ ಬೇರೆಯವರಿಗೆ ವಿಚಿತ್ರ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಬಾರದ ಕಾರಿಗಾಗಿ ಕಾಯುತ್ತ, ಈ ಜಗತ್ತಿನಲ್ಲಿ ಒಂದು ನಿಮಿಷವೂ ತಡ ಮಾಡದೆ ಬಂದು ನಿಲ್ಲುತ್ತಿದ್ದ ಏಕೈಕ ಗಾಡಿಯನ್ನು ನೆನೆಯುತ್ತ ನಿಂತೆ.

ಆ ಗಾಡಿ ನಮ್ಮ ಕಾರ್ಖಾನೆಯ ಸ್ಟಾಫ್ ಬಸ್ಸು. ಅದರ ಡ್ರೈವರು ಶರಣಪ್ಪಣ್ಣ. ಭಾಲ್ಕಿ ಕಡೆಯವರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಗುಲ್ಬರ್ಗದಿಂದ ತಗಡಿನ ಟ್ರಂಕು ಹೊತ್ತು ಬಂದು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು, ಅವರಿಗೆ ಮೂವತ್ತರ ಮೇಲೆ ಮೂರೋ ನಾಲ್ಕೋ. ಬಸ್ಸು ಬೆಳಿಗ್ಗೆ ಗೇಟಿಗೆ ಬರಬೇಕಾದ್ದು ಏಳು ಹದಿನೈದಕ್ಕೆ. ಬಂದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಹೊಸ ಗುಮಾಸ್ತನ ಹುರುಪು ಹೇಗಿರುತ್ತದೆ ನಿಮಗೆ ಗೊತ್ತಲ್ಲ. ಒಂದು ದಿನವಾದರೂ ಈ ಮನುಷ್ಯನನ್ನು ತಡವೆಂದು ಬರೆಯಬೇಕು ಎಂಬ ಹಟ ನನಗೆ. ಅವರ ಕೈಯಲ್ಲಿ ಗಡಿಯಾರವೇ ಇರಲಿಲ್ಲ. ಗೇಟಿನೊಳಗೆ ಬಸ್ಸು ತಿರುಗಿಸುತ್ತ ಕಿಟಕಿಯಿಂದ ತಲೆ ಹೊರಹಾಕಿ, "ಬರಕೋರಿ ಬಾಬೂ, ಏಳು ಹದಿನೈದು" ಎನ್ನುತ್ತಿದ್ದರು. ನೋಡಿದರೆ ಏಳು ಹದಿನೈದೇ.

ಒಂದು ದಿನ ಮಾತ್ರ ಸಿಕ್ಕಿಬಿದ್ದರು. ಗೋಡೆಯ ಗಡಿಯಾರದಲ್ಲಿ ಏಳು ಹದಿನಾರು! ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಮೇಲಧಿಕಾರಿಗೆ ತೋರಿಸಲು ಓಡಿದೆ. ಮಧ್ಯಾಹ್ನ ರೇಡಿಯೋದಲ್ಲಿ ಹೊತ್ತು ಹೇಳುವಾಗ ಗೊತ್ತಾಯಿತು, ನಮ್ಮ ಗೋಡೆ ಗಡಿಯಾರವೇ ಒಂದು ನಿಮಿಷ ಮುಂದಿತ್ತು. ಬರೆದದ್ದನ್ನು ಹೊಡೆದುಹಾಕಿ ಪಕ್ಕದಲ್ಲಿ ನನ್ನದೇ ಸಹಿ ಹಾಕಬೇಕಾಯಿತು. ಸಂಜೆ ಬಸ್ಸಿನಲ್ಲಿ ಶರಣಪ್ಪಣ್ಣ "ಊಟ ಆಯ್ತೇನ್ರಿ ಬಾಬೂ?" ಅಂತಷ್ಟೇ ಕೇಳಿದರು. ಆವತ್ತಿನಿಂದ ನಾನು ಅವರ ಮನೆಯಲ್ಲಿ ಜೋಳದ ರೊಟ್ಟಿ ತಿನ್ನುವವನಾದೆ. ಅವರ ಹೆಂಡತಿ ನೀಲಮ್ಮ ವೈನಿ ನನ್ನನ್ನು ತಮ್ಮನೆಂದು ಕರೆದರು; ಬಾಬೂ ಹೋಗಿ ಶರಣಪ್ಪಣ್ಣನಿಗೂ ನಾನು ತಮ್ಮನಾದೆ.

ಬೆಳಿಗ್ಗೆ ಬೇಗ ಹೋಗಬೇಕಾದ್ದರಿಂದ ನಾನು ಹಾಲಿನ ವ್ಯಾನು ಹಿಡಿದು ಹೋಗುತ್ತಿದ್ದೆ. ಸಂಜೆ ಮನೆಗೆ ಮಾತ್ರ ಅವರ ಬಸ್ಸು. ಮೊದಲ ಪಾಳಿ ಬಿಟ್ಟ ಮೇಲೆ ಎಲ್ಲರೂ ಆಗ್ರಾ ರಸ್ತೆಯ ತಿರುವಿನ ಬೇವಿನ ಮರದ ಕೆಳಗೆ ಬಂದು ನಿಲ್ಲುವರು, ಅಲ್ಲಿಗೆ ಬಸ್ಸು ನಾಲ್ಕು ಮೂವತ್ತೈದಕ್ಕೆ ಬರುವುದು. ಸ್ಟಾಫ್ ಬಸ್ಸಿಗೆ ಕಂಡಕ್ಟರ್ ಇರುವುದಿಲ್ಲ. ಬಾಗಿಲ ಹತ್ತಿರ ಕೂತವನೇ ಆ ಕೆಲಸ ಮಾಡಬೇಕು, ಅದು ನನ್ನ ಜಾಗ. ಯಾರಾದರೂ ಡಬ್ಬಿ ಹಿಡಿದು ಓಡಿ ಬರುವುದು ಕಂಡರೆ ಕೂಗಿ ನಿಲ್ಲಿಸುವುದು, ಎಲ್ಲರೂ ಹತ್ತಿದ ಮೇಲೆ ತಗಡು ಬಡಿದು ಹೊರಡಿಸುವುದು. ಆ ಮೇಲೆ ಮಾರನೆಯ ದಿನದ ರಿಜಿಸ್ಟರಿಗೆ ಗೆರೆ ಹಾಕುತ್ತ ಕೂರುತ್ತಿದ್ದೆ. ಓಡುವ ಬಸ್ಸಿನಲ್ಲಿ, ಸ್ಕೇಲಿಲ್ಲದೆ. ಒಂದು ಗೆರೆಯೂ ಸೊಟ್ಟಗಾದದ್ದು ನನಗೆ ನೆನಪಿಲ್ಲ. ಆ ಬಸ್ಸು ಹೇಗೆ ಓಡುತ್ತಿತ್ತೆಂದು ನಿಮಗೆ ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಇಂಥ ಮನುಷ್ಯನಿಗೆ ಒಂದು ದಿನ ಹುಚ್ಚು ಹಿಡಿಯಿತು. ಮುಂಬೈಯಿಂದ ಹೊರಟ ಮೋಟಾರು ರ‍್ಯಾಲಿಯೊಂದು ಆಗ್ರಾ ರಸ್ತೆಯಲ್ಲಿ ಹಾದುಹೋಯಿತು. ಮೈತುಂಬ ನಂಬರು ಬರೆದುಕೊಂಡ ಕಾರುಗಳು ಒಂದರ ಹಿಂದೊಂದು ಧೂಳೆಬ್ಬಿಸಿ ಹೋದವು. ನಾವೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರೆ ಶರಣಪ್ಪಣ್ಣ ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತಿದ್ದರು. "ಗೇರು ಹಾಕೋದು ಕೇಳಿದೇನು, ತಮ್ಮಾ? ಕಬ್ಬಿಣ ಅಳ್ಲಿಕತ್ತದ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇದಕ್ಕ ಬಕ್ಷೀಸು ಕೊಡ್ತಾರಂತಲ್ಲ? ಯಾರನ್ನ ಕೇಳಬೇಕು?" ಎಂದರು.

ಯಾರನ್ನು ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಆದರೂ ಇಂಗ್ಲಿಷ್ ಬಲ್ಲವನೆಂಬ ಬಿರುದು ಇದ್ದುದರಿಂದ ಮುಂಬೈಯ ಮೋಟಾರು ಕ್ಲಬ್ಬಿಗೆ ಅರ್ಜಿ ಬರೆದುಕೊಟ್ಟೆ. ಉದ್ಯೋಗ ಎಂಬಲ್ಲಿ ಡ್ರೈವರ್ ಎಂದು ಹೆಮ್ಮೆಯಿಂದ ಬರೆದೆ. ಮೂರು ವಾರಕ್ಕೆ ಉತ್ತರ ಬಂತು. ಸದಸ್ಯರ ಡ್ರೈವರುಗಳಿಗೆ ಕ್ಲಬ್ಬಿನ ಹಿಂಭಾಗದಲ್ಲಿ ನೆರಳಿನ ವ್ಯವಸ್ಥೆ ಇದೆ, ಚಹಾ ಉಚಿತ, ಎಂದಿತ್ತು. ಮೋಟಾರು ಓಡಿಸುವವರ ಕ್ಲಬ್ಬಿನಲ್ಲಿ ಡ್ರೈವರ್ ಎಂದರೆ ಹಿತ್ತಲಿನಲ್ಲಿ ಕೂರುವವನು ಎಂದು ನಮಗೆ ತಿಳಿದದ್ದು ಹಾಗೆ. ಶರಣಪ್ಪಣ್ಣ ಕಾಗದವನ್ನು ಎರಡು ಸಲ ಓದಿಸಿಕೊಂಡು, "ಚಾ ಕೊಡ್ತಾರಂತಲ್ಲ, ಅಷ್ಟಾದ್ರೂ ಮರ್ಯಾದಿ ಅದ" ಎಂದರು. ನೀಲಮ್ಮ ವೈನಿ ಒಳಗಿನಿಂದ, "ಚಾ ಕುಡಿಲಿಕ್ಕ ಮುಂಬೈಗಿ ಹೋಗಬ್ಯಾಡ್ರಿ, ಮನ್ಯಾಗೂ ಪುಕ್ಕಟನೇ ಸಿಗ್ತದ" ಎಂದು ಕೂಗಿದರು.

ಅದಾದ ಮೇಲೆ ಒಬ್ಬ ಗಿರಣಿ ಮಾಲೀಕರ ಮಗನ ಪರಿಚಯವಾಯಿತು. ಅವನನ್ನು ಎಲ್ಲರೂ ಚಿಕ್ಕ ಸೇಠ್ ಎನ್ನುತ್ತಿದ್ದರು. ಅವನಿಗೆ ಸ್ವಂತ ಕಾರಿತ್ತು, ಕಪ್ಪು ಕನ್ನಡಕವಿತ್ತು, ಕ್ಲಬ್ಬಿನ ಸದಸ್ಯತ್ವವಿತ್ತು. ರ‍್ಯಾಲಿಗೆ ಬರುತ್ತೀಯಾ ಎಂದು ಕೇಳಿದ. ಶರಣಪ್ಪಣ್ಣ ರಜೆ ಹಾಕಿ, ಹೊಸ ಅಂಗಿ ಹೊಲಿಸಿಕೊಂಡು ಹೋದರು. ಆದದ್ದಿಷ್ಟು: ನಾಸಿಕದಿಂದ ಮುಂಬೈವರೆಗೆ ಕಾರು ಓಡಿಸಿದ್ದು ಶರಣಪ್ಪಣ್ಣ, ರ‍್ಯಾಲಿ ಶುರುವಾಗುವಾಗ ಚಕ್ರ ಹಿಡಿದವನು ಚಿಕ್ಕ ಸೇಠ್, ಇವರು ಮರದ ಕೆಳಗೆ ಅವನ ಸೂಟ್‌ಕೇಸು ಕಾಯುತ್ತ ಎರಡು ದಿನ ಕೂತರು, ಮುಗಿದ ಮೇಲೆ ನಜ್ಜುಗುಜ್ಜಾದ ಕಾರನ್ನು ಘಾಟಿ ಹತ್ತಿಸಿ ಮನೆಗೆ ತಂದವರೂ ಇವರೇ. ಹೀಗೆ ಎರಡು ಸಲ ಹೋದರು. ಎರಡನೇ ಸಲ ಯಾಕೆ ಹೋದಿರಿ ಎಂದು ನಾನು ರೇಗಿದೆ. "ಹತ್ರದಿಂದ ನೋಡ್ಲಿಕ್ಕರ ಸಿಗ್ತದಲ್ಲೋ" ಎಂದರು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ರ‍್ಯಾಲಿ ಅಂದರೆ ಯಾರು ಮೊದಲು ಮುಟ್ಟುತ್ತಾರೆಂಬ ಓಟ ಎಂದು ನಾನು ತಿಳಿದಿದ್ದೆ. ಆ ಕಾಲದ ನಮ್ಮ ಕಡೆಯ ರ‍್ಯಾಲಿ ಹಾಗಿರಲಿಲ್ಲ. ಇಂತಿಷ್ಟು ವೇಗದಲ್ಲಿ ಹೋಗಿ, ಇಂಥ ಊರಿನ ಚೌಕಿಗೆ ಇಂಥ ನಿಮಿಷಕ್ಕೆ ಸರಿಯಾಗಿ ಬರಬೇಕು ಎಂದು ಮೊದಲೇ ಬರೆದುಕೊಡುತ್ತಿದ್ದರು. ಒಂದು ನಿಮಿಷ ತಡವಾದರೆ ಒಂದು ದಂಡದ ಅಂಕ. ಒಂದು ನಿಮಿಷ ಮುಂಚೆ ಬಂದರೂ ಒಂದು ಅಂಕ. ಅಂಕ ಕಡಿಮೆ ಇದ್ದವನು ಗೆದ್ದ. ಚಿಕ್ಕ ಸೇಠ್ ಕೊಟ್ಟಿದ್ದ ಹಳೆಯ ನಿಯಮ ಪುಸ್ತಕದಲ್ಲಿ ಇದನ್ನು ಓದಿ ಹೇಳಿದಾಗ ಶರಣಪ್ಪಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅಂದ್ರ, ನಾ ದಿನಾ ಮಾಡೋದು ಇದೇ ಅಲ್ಲೇನೋ?" ಎಂದರು. ಹೌದಲ್ಲ! ಸಾಹೇಬರ ಮಕ್ಕಳು ಕಪ್ಪು ಕನ್ನಡಕ ಹಾಕಿ ವರ್ಷಕ್ಕೆರಡು ಸಲ ಮಾಡಲು ಒದ್ದಾಡುತ್ತಿದ್ದುದನ್ನು ಈ ಮನುಷ್ಯ ವಾರಕ್ಕೆ ಆರು ದಿನ, ಐವತ್ತು ಮಂದಿಯನ್ನು ಕೂರಿಸಿಕೊಂಡು, ಗಡಿಯಾರವಿಲ್ಲದೆ ಮಾಡುತ್ತಿದ್ದರು.

ಅವಕಾಶ ಬಂದದ್ದು ಒಂದೇ ಸಲ. ಔರಂಗಾಬಾದಿನಲ್ಲಿ ಬೆಳಿಗ್ಗೆ ಹೊರಟು ಸಂಜೆ ನಾಸಿಕಕ್ಕೆ ಮುಟ್ಟುವ ಒಂದು ದಿನದ ರ‍್ಯಾಲಿ. ಮುಂಬೈಯ ಟೈರು ಕಂಪನಿಯೊಂದು ತನ್ನದೇ ತಂಡ ಕಟ್ಟುತ್ತಿತ್ತು; ಸಂಬಳ, ಕಾರು, ದೇಶದ ದೊಡ್ಡ ರ‍್ಯಾಲಿಗಳೆಲ್ಲ ಕಂಪನಿಯದೇ. ಇಬ್ಬರು ಆಗಲೇ ಆಯ್ಕೆಯಾಗಿದ್ದರು. ಮೂರನೆಯವನನ್ನು ಈ ರ‍್ಯಾಲಿಯಿಂದ ಆರಿಸುತ್ತೇವೆ, ಕಂಪನಿಯ ಸಾಹೇಬರು ನಾಸಿಕದ ಮೈದಾನದಲ್ಲಿ ತಾವೇ ನಿಂತು ನೋಡುತ್ತಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಶರಣಪ್ಪಣ್ಣ ಆ ತುಂಡನ್ನು ಕತ್ತರಿಸಿ ಬಸ್ಸಿನ ಲೈಸೆನ್ಸಿನ ಒಳಗೆ ಇಟ್ಟುಕೊಂಡರು. ಅವರಿಗೆ ಆಗ ಮೂವತ್ತೇಳು. ಇದು ತಪ್ಪಿದರೆ ಇನ್ನೊಂದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾರು ಬೇಕಲ್ಲ? ನಾಸಿಕದಲ್ಲಿ ಹುಮನಾಬಾದ್ ಕಡೆಯ ಒಬ್ಬ ಬೇಳೆಕಾಳಿನ ಸಾಹುಕಾರರಿದ್ದರು. ಹಳೆಯ ಅಂಬಾಸಡರ್ ಇತ್ತು. ತಮ್ಮ ಕಡೆಯ ಹುಡುಗ ಹೆಸರು ಮಾಡಲಿ ಎಂದು ಕೊಟ್ಟರು, ಎರಡು ಷರತ್ತಿನ ಮೇಲೆ. ಮುಂದೆ ಬಳಿದಿರುವ ವಿಭೂತಿ ಅಳಿಸಬಾರದು; ಸೀಟಿನ ಬಿಳಿ ಕವರು ಕೊಳೆಯಾಗಬಾರದು. ಎರಡನೆಯ ಷರತ್ತು ನಮ್ಮನ್ನು ಹೇಗೆ ಕಾಡಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಪಕ್ಕದಲ್ಲಿ ಕೂತು ದಾರಿ, ದೂರ, ಹೊತ್ತು ಲೆಕ್ಕ ಹಾಕಿ ಹೇಳುವವನೊಬ್ಬ ಬೇಕು; ಅವನಿಗೆ ನ್ಯಾವಿಗೇಟರ್ ಎನ್ನುತ್ತಾರೆ. ಅದು ನಾನು. ಕಾರ್ಖಾನೆಯ ಗೇಟಿನಾಚೆ ಲೋಕದಲ್ಲಿ ನನ್ನ ವಿದ್ಯೆಗೆ ಬೆಲೆ ಬಂದದ್ದು ಅದೊಂದೇ ಸಲ.

ರವಿವಾರಗಳಂದು ಅಭ್ಯಾಸ ಮಾಡಿದೆವು. ಮೊದಲ ದಿನವೇ ಜಗಳ. ನಾನು ನಿಧಾನ ಅಂದರೆ ಅವರು ಯಾಕೆ ಅನ್ನುವರು, ಅವರು ಹೊರಟರೆ ನಾನು ತಡೆಯುವೆ. ಕೊನೆಗೆ ಶರಣಪ್ಪಣ್ಣ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಹೇಳಿದರು: "ನೋಡು ತಮ್ಮಾ, ಒಂದು ಗಾಡ್ಯಾಗ ಎರಡು ತಲಿ ನಡಿಯಂಗಿಲ್ಲ. ಇವತ್ತಿಂದ ತಲಿ ನಿಂದು, ಕೈಕಾಲು ನಂದು. ನೀ ಅಂದದ್ದು ನಾ ಮಾಡ್ತೀನಿ. ಯಾಕ ಏನು ಅಂತ ಕೇಳಂಗಿಲ್ಲ." ಇಪ್ಪತ್ತಾರರ ಹುಡುಗನ ತಲೆಯ ಮೇಲೆ ಒಬ್ಬರು ಇಷ್ಟು ಭಾರ ಹಾಕಬಾರದು. ನಾನು ಅಂಥ ಯೋಚನೆ ಮಾಡದೆ ಹಿಗ್ಗಿದೆ.

ಇನ್ನು ಆ ಶನಿವಾರದ ಕಥೆ. ಇದನ್ನು ನಾನು ಮದುವೆ ಮನೆಗಳಲ್ಲಿ, ಕನ್ನಡ ಸಂಘದ ಊಟಗಳಲ್ಲಿ, ರೈಲಿನಲ್ಲಿ ಕೂತ ಅಪರಿಚಿತರಿಗೆ, ನಲವತ್ತೆಂಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು ಎಲ್ಲವೂ ಪಳಗಿದೆ. ನಿಮಗೂ ಅದೇ ಕ್ರಮದಲ್ಲಿ ಹೇಳುತ್ತೇನೆ.

ಬೆಳಿಗ್ಗೆ ಔರಂಗಾಬಾದಿನಲ್ಲಿ ಹೊರಟಾಗ ನಮ್ಮ ನಂಬರು ಹತ್ತೊಂಬತ್ತು. ನೀಲಮ್ಮ ವೈನಿ ಕಟ್ಟಿಕೊಟ್ಟ ಶೇಂಗಾ ಚಟ್ನಿ, ರೊಟ್ಟಿ. ನನ್ನ ಮಡಿಲಲ್ಲಿ ನಿಯಮ ಪುಸ್ತಕ, ಎರಡು ಗಡಿಯಾರ, ನಾಲ್ಕು ಪೆನ್ಸಿಲು. ದೌಲತಾಬಾದಿನಲ್ಲಿ ರಸ್ತೆ ಕೋಟೆಯ ಹೆಬ್ಬಾಗಿಲಿನೊಳಗಿಂದ ತೂರಿಕೊಂಡು ಹೋಗುತ್ತದೆ. ಆ ಕಡೆಯಿಂದ ಪೇರಲ ಹಣ್ಣಿನ ಎತ್ತಿನ ಗಾಡಿ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ನಮ್ಮ ಮುಂದಿದ್ದ ಚಿಕ್ಕ ಸೇಠ್ ಹಾರನ್ ಒತ್ತಿ ಒತ್ತಿ ಎತ್ತುಗಳನ್ನು ಬೆದರಿಸಿ, ತನ್ನ ಕಾರಿನ ಕಿವಿಯಂಥ ಪಕ್ಕದ ಕನ್ನಡಿಯನ್ನು ಕೋಟೆಯ ಕಲ್ಲಿಗೆ ಉಜ್ಜಿಕೊಂಡು ಹೋದ. ಶರಣಪ್ಪಣ್ಣ ಇಳಿದರು. ಎತ್ತಿನ ಹಣೆ ಸವರಿದರು, ಗಾಡಿಯವನ ಜೊತೆ ಮರಾಠಿಯಲ್ಲಿ ಮಳೆಯ ವಿಚಾರ ಮಾತಾಡಿದರು, ಗಾಡಿಯನ್ನು ಹಿಂದಕ್ಕೆ ಸರಿಸಿದರು, ಎರಡು ಪೇರಲ ಹಣ್ಣು ಇಸಿದುಕೊಂಡು ಬಂದು ಕೂತರು. ನಾನು ಗಡಿಯಾರ ನೋಡಿ ಬೆವರುತ್ತಿದ್ದೆ. "ಎಷ್ಟು ಹೋತು?" ಎಂದರು. "ಎರಡು ನಿಮಿಷ ಹತ್ತು ಸೆಕೆಂಡ್ರಿ." ತಲೆಯಾಡಿಸಿದರು. ವೈಜಾಪುರದ ಚೌಕಿಗೆ ಬರುವಷ್ಟರಲ್ಲಿ ಆ ಎರಡು ನಿಮಿಷ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ. ಜೋರಾಗಿ ಓಡಿಸಿದಂತೆ ಅನ್ನಿಸಿರಲೇ ಇಲ್ಲ. ಪೇರಲ ಹಣ್ಣು ತಿನ್ನುತ್ತಿದ್ದೆ.

ಯೇವಲಾ, ಮನಮಾಡ್, ಅಲ್ಲಿಂದ ಬಡಗಣ ಮಣ್ಣಿನ ದಾರಿ. ಸಟಾಣಾದ ಹತ್ತಿರ ಈರುಳ್ಳಿ ತುಂಬಿದ ಲಾರಿಗಳ ಸಾಲು. ಅರ್ಧ ಕಾರುಗಳು ಅಲ್ಲೇ ಹೊತ್ತು ಕಳೆದುಕೊಂಡವು. ಇನ್ನು ಕೆಲವರು ಮುಂಚೆಯೇ ಮುಟ್ಟಿಬಿಡುವ ಭಯಕ್ಕೆ ಚೌಕಿಯ ಈಚೆಯೇ ಮರೆಯಲ್ಲಿ ಕಾರು ನಿಲ್ಲಿಸಿ ಸಿಗರೇಟು ಸೇದುತ್ತಿದ್ದರು. ನಾವು ಎಲ್ಲಿಯೂ ನಿಲ್ಲಲಿಲ್ಲ, ಎಲ್ಲಿಯೂ ಓಡಲಿಲ್ಲ. ಚೌಕಿಯಲ್ಲಿ ಗಡಿಯಾರ ಹಿಡಿದಿದ್ದ ಪಾರ್ಸಿ ಮುದುಕರು ನಮ್ಮ ಚೀಟಿಗೆ ಸಹಿ ಹಾಕುತ್ತ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ನಿಮ್ಮ ಡ್ರೈವರು ಯಾವ ಕ್ಲಬ್ಬಿನವರು ಎಂದು. ಬಸ್ಸಿನವರು ಎಂದೆ. ಅಂಥ ಕ್ಲಬ್ಬನ್ನು ಕೇಳಿಲ್ಲವಲ್ಲ ಎಂದು ಅವರು ತಲೆ ಕೆರೆದುಕೊಂಡರು.

ಪಿಂಪಳಗಾಂವ್ ದಾಟಿ ಆಗ್ರಾ ರಸ್ತೆ ಹಿಡಿದಾಗ ನಾನು ಮನಸ್ಸಿನಲ್ಲೇ ಟೈರು ಕಂಪನಿಯ ಸಾಹೇಬರಿಗೆ ಕೈ ಕುಲುಕುತ್ತಿದ್ದೆ. ಮುಂದೆ ಓಝರ್. ಬೇವಿನ ಮರ. ಮರದ ಕೆಳಗೆ ಮೊದಲ ಪಾಳಿಯ ಮಂದಿ. ಶರಣಪ್ಪಣ್ಣ ರಜೆಯಲ್ಲಿದ್ದುದರಿಂದ ಬದಲಿ ಡ್ರೈವರನ್ನು ಹಾಕಿದ್ದರು; ಅವನು ಬದಲಿ ಡ್ರೈವರುಗಳ ಪದ್ಧತಿಯಂತೆ ಇನ್ನೂ ಬಂದಿರಲಿಲ್ಲ. ಹೊತ್ತು ನಾಲ್ಕು ಮೂವತ್ತೈದು. ಎಲ್ಲರಿಗಿಂತ ಮುಂದೆ, ಅರವತ್ತಕ್ಕೆ ಹತ್ತಿರವಾಗಿದ್ದ ಫಿಟ್ಟರ್ ಜೋಶಿ ಕಾಕಾ, ಬಿಳಿ ಟೋಪಿ, ಕೈಯಲ್ಲಿ ಡಬ್ಬಿ. ಹನ್ನೊಂದು ವರ್ಷದಿಂದ ಶರಣಪ್ಪಣ್ಣನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಹೋದವರು. ಅವರು ಕೈ ಎತ್ತಿದರು.

ಕಾರು ನಿಂತಿತು.

ಇಲ್ಲಿ ನಾನು ಯಾವಾಗಲೂ ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ. ಕೇಳುವವರು ಮುಂದೇನು ಎನ್ನುತ್ತಾರೆ. ಮುಂದೇನು? ಹನ್ನೊಂದು ವರ್ಷ ಅದೇ ಮರ, ಅದೇ ಹೊತ್ತು, ಅದೇ ಕೈ. ಶರಣಪ್ಪಣ್ಣನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು ಎನ್ನುತ್ತೇನೆ. ಇಷ್ಟಕ್ಕೇ ಜನ ನಗಲು ಶುರುಮಾಡುತ್ತಾರೆ.

ನಾವಿಬ್ಬರೂ ಕಣ್ಣು ಕಣ್ಣು ಬಿಡುತ್ತಿರುವಾಗಲೇ ಹಿಂದಿನ ಬಾಗಿಲು ತೆರೆದು ಜೋಶಿ ಕಾಕಾ ಒಳಗೆ ಬಂದರು. "ಆಜ್ ಲಹಾನ್ ಗಾಡಿ ಪಾಠವಲೀ ಕಾ?" ಎಂದರು. ಇವತ್ತು ಸಣ್ಣ ಗಾಡಿ ಕಳಿಸಿದ್ದಾರೇನು ಎಂದು! ಬಾಗಿಲ ಮೇಲಿನ ಹತ್ತೊಂಬತ್ತು ಎಂಬ ನಂಬರನ್ನು ಅವರು ಬಸ್ಸಿನ ಹೊಸ ನಂಬರು ಎಂದುಕೊಂಡಿದ್ದರು. ಅವರ ಹಿಂದೆ ಇನ್ನೂ ಮೂವರು ಹತ್ತಿ, ಒಬ್ಬರನ್ನೊಬ್ಬರು ಸರಿಸಿಕೊಂಡು, ಡಬ್ಬಿಗಳನ್ನು ಸಾಹುಕಾರರ ಬಿಳಿ ಕವರಿನ ಮೇಲಿಟ್ಟು ಕೂತರು. ಒಬ್ಬ ರೂಢಿಯಂತೆ ಕಾರಿನ ಮೈಯನ್ನು ಎರಡು ಸಲ ಬಡಿದ. ಕಾರು ಹೊರಟಿತು.

"ಇಳಸ್ರಿ ಅಣ್ಣಾ, ಕಾರಿನಾಗ ಇಬ್ಬರ ಇರಬೇಕಂತ ನಿಯಮ ಅದ" ಎಂದು ನಾನು ಪಿಸುಗುಟ್ಟಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಹತ್ತಿಸಿಕೊಂಡ ಮಂದೀನ್ನ ನಡುದಾರ್ಯಾಗ ಇಳಸ್ಲಿಕ್ಕ ನನಗ ಬರಂಗಿಲ್ಲ, ತಮ್ಮಾ. ಎಷ್ಟು ಹೋತು?" ಎಂದರು. "ಐವತ್ತು ಸೆಕೆಂಡ್ರಿ." ಮತ್ತೆ ತಲೆಯಾಡಿಸಿದರು. ನಾನು ಹಿಂದೆ ತಿರುಗಿ, ಮೈದಾನ ಬಂದಾಗ ದಯವಿಟ್ಟು ಎಲ್ಲರೂ ಸೀಟಿನ ಕೆಳಗೆ ಬಗ್ಗಿ ಕೂರಬೇಕೆಂದು ಬೇಡಿಕೊಂಡೆ. ಜೋಶಿ ಕಾಕಾ ಕೆಂಡವಾದರು. "ಮೀ ಕಾಯ್ ಚೋರ್ ಆಹೇ ಕಾ?" ಎಂದು ಟೋಪಿ ಸರಿಮಾಡಿಕೊಂಡು ಇನ್ನಷ್ಟು ನೆಟ್ಟಗೆ ಕೂತರು. ಅವರು ಯಾವ ಕೋನದಿಂದಲೂ ಕಳ್ಳನಂತೆ ಕಾಣುತ್ತಿರಲಿಲ್ಲ, ಅದೇ ತೊಂದರೆ.

ನಾಸಿಕದ ಮೈದಾನದಲ್ಲಿ ಕಮಾನು, ಬಾವುಟ, ಬ್ಯಾಂಡು. ಟೈರು ಕಂಪನಿಯ ಸಾಹೇಬರು ಬಿಳಿ ಹ್ಯಾಟು ಹಾಕಿ ಗಡಿಯಾರದವರ ಪಕ್ಕದಲ್ಲೇ ನಿಂತಿದ್ದರು. ನಮ್ಮ ಕಾರು ಕಮಾನಿನ ಕೆಳಗೆ ಬಂದು ನಿಂತಿತು. ಬ್ಯಾಂಡು ಶುರುವಾಯಿತು. ಹಿಂದಿನ ಎರಡೂ ಬಾಗಿಲು ತೆರೆದವು. ನಾಲ್ಕು ಮಂದಿ, ನಾಲ್ಕು ಡಬ್ಬಿ, ಸಾಲಾಗಿ ಇಳಿದರು. ಬ್ಯಾಂಡು ತಮಗೇ ಎಂದುಕೊಂಡ ಜೋಶಿ ಕಾಕಾ ಸಾಹೇಬರಿಗೆ ನಮಸ್ಕಾರ ಮಾಡಿದರು. ಸಾಹೇಬರು ನನ್ನ ಕಡೆ ತಿರುಗಿ, "ಹೂ ಆರ್ ದೀಸ್ ಜಂಟಲ್‌ಮೆನ್?" ಎಂದರು.

"ಫಸ್ಟ್ ಶಿಫ್ಟ್, ಸರ್" ಎಂದೆ.

ಕಥೆ ಇಲ್ಲಿಗೆ ಮುಗಿಯುತ್ತದೆ. ಇಲ್ಲಿ ಜನ ಎದ್ದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಯಾರಾದರೂ ಆಮೇಲೇನಾಯಿತು ಎಂದು ಕೇಳಿದರೆ ಚುಟುಕಾಗಿ ಹೇಳುತ್ತೇನೆ. ನಿಯಮ ಮುರಿದದ್ದಕ್ಕೆ ನಮ್ಮ ಚೀಟಿಯ ಮೇಲೆ ಕೆಂಪು ಗೆರೆ ಎಳೆದು ಸ್ಪರ್ಧೆಯಿಂದಲೇ ತೆಗೆದುಹಾಕಿದರು. ಕಂಪನಿಯ ತಂಡದ ಮೂರನೆಯ ಜಾಗ ಚಿಕ್ಕ ಸೇಠ್‌ಗೆ ಹೋಯಿತು. ಸಾಹೇಬರು ಒಳ್ಳೆಯವರೇ, ಶರಣಪ್ಪಣ್ಣನನ್ನು ಕರೆದು, ತಂಡದ ಹಿಂದೆ ಟೈರು ತುಂಬಿಕೊಂಡು ಬರುವ ವ್ಯಾನು ಓಡಿಸುತ್ತೀಯಾ ಎಂದು ಕೇಳಿದರು. "ಮತ್ತೊಬ್ಬರ ಹಿಂದಿಂದೇ ಹೋಗೋದಾದ್ರ ನಮ್ಮ ಬಸ್ಸೇ ಛಲೋ ಅದರಿ ಸಾಹೇಬ್ರ" ಎಂದು ಇವರು ಕೈ ಮುಗಿದರು. ಜೋಶಿ ಕಾಕಾರ ಡಬ್ಬಿಯ ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆ ಬಿಳಿ ಕವರಿಗೆ ಇಳಿದದ್ದರಿಂದ ಸಾಹುಕಾರರು ಮತ್ತೆ ಕಾರು ಕೊಡಲಿಲ್ಲ. ಸೋಮವಾರ ಏಳು ಹದಿನೈದಕ್ಕೆ ಬಸ್ಸು ಗೇಟಿಗೆ ಬಂತು. ನಿವೃತ್ತಿಯಾಗುವ ತನಕ ಹಾಗೆಯೇ ಬಂತು. ಕಾರ್ಖಾನೆಯಲ್ಲಿ ಎಲ್ಲರೂ ಅವರ ಕಾಲಿನ ಬಗ್ಗೆ ತಮಾಷೆ ಮಾಡುವವರೇ: ಅಣ್ಣಾ, ಕಾಲು ಹೇಳಿದ ಮಾತು ಕೇಳ್ತದೇನು? ಅವರೂ ನಗುತ್ತಿದ್ದರು.

ಅಷ್ಟರಲ್ಲಿ ನನ್ನ ಬಾಡಿಗೆ ಕಾರು ಬಂತು, ಮೂವತ್ತೊಂದು ನಿಮಿಷ ತಡವಾಗಿ. ಔರಂಗಾಬಾದ್ ಮುಟ್ಟಿದಾಗ ಮಧ್ಯಾಹ್ನ. ಗೌರಿ ಕಾಲಿಗೆ ನಮಸ್ಕಾರ ಮಾಡಿ ಲೈಸೆನ್ಸ್ ತೋರಿಸಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಶರಣಪ್ಪಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಪೇಢೆ ಬಾಯಿಗೆ ಹಾಕಿಕೊಂಡವನಿಗೆ ತಡೆಯಲಾಗಲಿಲ್ಲ. ಡ್ರೈವರಾದವಳು ಅಜ್ಜನ ಕಥೆ ತಿಳಿದಿರಬೇಕು ಎಂದು ಶುರುಮಾಡಿದೆ. ದೌಲತಾಬಾದಿನ ಎತ್ತು, ಬೇವಿನ ಮರ, ಜೋಶಿ ಕಾಕಾ. ಕಾರು ನಿಂತಿತು ಎಂದು ಹೇಳಿ ಸುಮ್ಮನಾದೆ. ಗೌರಿ ಕಣ್ಣರಳಿಸಿದಳು. "ಇವರ ಕಾಲು ತಾನ ಬ್ರೇಕಿನ ಮ್ಯಾಲ ಹೋತು ನೋಡು" ಎಂದೆ.

ಒಳಗೆ ಚಹಾ ಸೋಸುತ್ತಿದ್ದ ನೀಲಮ್ಮ ವೈನಿ ಹೊರಗೆ ಬಂದರು. "ಎಷ್ಟು ವರ್ಷ ಇದನ್ನ ಹಿಂಗೇ ಹೇಳ್ತೀರಿ, ತಮ್ಮಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "'ನಿಲ್ಲಸ್ರಿ, ಕಾಕಾ ನಿಂತಾರ' ಅಂತ ಕೂಗಿದವರು ನೀವ ಅಲ್ಲೇನು? ಆವತ್ತ ರಾತ್ರಿನೇ ನನಗ ಇವರು ಹೇಳಿದ್ರು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿದ್ರು."

"ಏ, ಬಿಡ ಆಕಡಿ" ಎಂದರು ಶರಣಪ್ಪಣ್ಣ.

ನನಗೆ ಆ ಮಾತು ಆಡಿದ ನೆನಪಿಲ್ಲ. ದೇವರಾಣೆಗೂ ಇಲ್ಲ. ಆದರೆ ಅದು ನಿಜವೆಂದು ಆ ಕ್ಷಣವೇ ತಿಳಿಯಿತು. ಸಂಜೆ ನಾಲ್ಕು ಮೂವತ್ತೈದಕ್ಕೆ, ಆ ಮರದ ಕೆಳಗೆ, ಕೂಗಿ ನಿಲ್ಲಿಸುವುದು ನಾಲ್ಕು ವರ್ಷದಿಂದ ಯಾರ ಕೆಲಸವಾಗಿತ್ತು? ನನ್ನದು. ತಲೆ ನನ್ನದೆಂದು ಒಪ್ಪಿಕೊಂಡವನು ಯಾರು? ನಾನು. ತಲೆ ಹೇಳಿತು, ಕಾಲು ಕೇಳಿತು, ಯಾಕೆ ಏನು ಅನ್ನಲಿಲ್ಲ. ಆಮೇಲೆ ತಲೆ ನಲವತ್ತೆಂಟು ವರ್ಷ ಊರೂರಿಗೆ ಹೋಗಿ ಕಾಲನ್ನು ತೋರಿಸಿ ಜನರನ್ನು ನಗಿಸಿತು. ನನಗೆ ನಾಚಿಕೆಯಾಯಿತು.

"ಯಾಕ ಹೇಳ್ಲಿಲ್ಲ, ಅಣ್ಣಾ?"

"ಏನು ಹೇಳೋದು? ಕಾಲೂ ನಂದು, ಬ್ರೇಕೂ ನಂದು. ನೀ ಸಣ್ಣ ಹುಡುಗ, ಟೈಮ್ ಆಫೀಸಿನ್ಯಾವ. ಮಂದಿ ನಿನ್ನ ನೋಡಿ ನಕ್ಕಿದ್ರ ಮರುದಿನ ಯಾರನ್ನ ತಡ ಅಂತ ಬರೀತಿದ್ದಿ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಕಿಟಕಿಯ ಹೊರಗೆ ನೋಡುತ್ತ ಕೇಳಿದರು. "ಅದು ಇರ್ಲಿ. ಆವತ್ತ ನಮಗ ಎಷ್ಟು ದಂಡ ಬಿದ್ದಿತ್ತು, ನೆನಪದ ಏನು?"

ನೆನಪಿತ್ತು. ಬರೆದವನೇ ನಾನು. "ಸೊನ್ನಿ" ಎಂದೆ.

"ಅದನ್ನ ನೀ ಯಾರಿಗೂ ಹೇಳಂಗಿಲ್ಲ ನೋಡು. ಡಬ್ಬಿ ಹೇಳ್ತಿ, ಉಪ್ಪಿನಕಾಯಿ ಹೇಳ್ತಿ, ಫಸ್ಟ್ ಶಿಫ್ಟ್ ಹೇಳ್ತಿ. ನಾನೂ ನಗ್ತೀನಿ. ಆದ್ರ ಅದೊಂದು ಹೇಳಂಗಿಲ್ಲ."

ನಾನು ಗೌರಿಯ ಕಡೆ ತಿರುಗಿದೆ. ಕಥೆ ಹೇಳುವ ದನಿ ಬರಲಿಲ್ಲ. ಟೈಮ್ ಆಫೀಸಿನ ದನಿಯೇ ಬಂತು. ಏಳು ಚೌಕಿ, ಎಂದೆ. ದೌಲತಾಬಾದಿನಲ್ಲಿ ಎರಡು ನಿಮಿಷ ಹತ್ತು ಸೆಕೆಂಡು ನಿಂತು, ಸಟಾಣಾದಲ್ಲಿ ಈರುಳ್ಳಿ ಲಾರಿಗಳ ನಡುವೆ ನುಸುಳಿ, ಓಝರಿನಲ್ಲಿ ಐವತ್ತು ಸೆಕೆಂಡು ನಿಂತು, ನಾಲ್ಕು ಜನರ ಭಾರ ಹೇರಿಕೊಂಡು, ನಿನ್ನ ಅಜ್ಜ ಏಳೂ ಕಡೆ ಹೇಳಿದ ನಿಮಿಷಕ್ಕೆ ಸರಿಯಾಗಿ ಬಂದರು. ಕೆಂಪು ಗೆರೆಯ ಕೆಳಗೆ ನಮ್ಮ ಚೀಟಿಯಲ್ಲಿ ಏಳು ಸೊನ್ನೆಗಳಿದ್ದವು.

"ಆಣಿ ಜೋ ಪಹಿಲಾ ಆಲಾ, ತ್ಯಾಲಾ ಕಿತೀ?" ಎಂದು ಕೇಳಿದಳು ಗೌರಿ. ಗೆದ್ದವನಿಗೆ ಎಷ್ಟು ಬಿದ್ದಿತ್ತು ಎಂದು.

"ಹನ್ನೊಂದು."

ಅವಳು ಅಜ್ಜನ ಮುಖ ನೋಡಿದಳು. ಶರಣಪ್ಪಣ್ಣ ಚಹಾದ ಬಟ್ಟಲನ್ನು ಕೆಳಗಿಟ್ಟು, ಕುರ್ಚಿಯನ್ನು ನನ್ನ ಕಡೆಗೆ ಸ್ವಲ್ಪ ಎಳೆದುಕೊಂಡು, "ಇನ್ನೊಮ್ಮೆ ಹೇಳು" ಎಂದರು.

ಮೊದಲ ಚೌಕಿಯಿಂದ ಹೇಳಿದೆ.